ಹನ್ನೆರಡನೆಯ ಕೊಳವೆ

ಕಾಶವ್ವನಿಗೆ ಐದನೆಯ ದಿನಕ್ಕೇ ನುಂಗಲು ಆಗದೆ ಹೋಯಿತು. ಮೊದಲೆಲ್ಲ ಒಮ್ಮೆ ರಕ್ತ ತೊಳೆದರೆ ಇಪ್ಪತ್ತು ದಿನ ಚಿಂತೆ ಇರಲಿಲ್ಲ. ಆಮೇಲೆ ಅದು ಹದಿನೈದಾಯಿತು, ಹತ್ತಾಯಿತು, ಈಗ ಐದಕ್ಕೆ ಬಂದು ನಿಂತಿತು. ಬೆಳಗಿನ ಗಂಜಿಯ ಬಟ್ಟಲನ್ನು ಕೆಳಗಿಟ್ಟು, ಜೋತುಬಿದ್ದ ಗದ್ದವನ್ನು ಕೈಯಿಂದ ಮೇಲೆತ್ತಿ ಹಿಡಿದು, ಬಾಯಲ್ಲಿದ್ದ ಒಂದು ಗುಟುಕನ್ನು ಒಳಗೆ ಕಳಿಸಲು ನನ್ನ ಹೆಂಡತಿ ಹೆಣಗುತ್ತಿದ್ದಳು. ಅರ್ಧ ಮೂಗಿನಿಂದ ಹೊರಗೆ ಬಂತು. ಸೆರಗಿನಿಂದ ಒರೆಸಿಕೊಂಡಳು. ಅವಳ ರಕ್ತ ತೊಳೆಯುವ ಕೊಳವೆಯನ್ನು ಮಾಡಿದ ಕಾರ್ಖಾನೆಯವರ ವಂಶವನ್ನೆಲ್ಲ ನಾನು ಬೈಯತೊಡಗಿದೆ.

ಕಾಶವ್ವ ಮೂಗಿನಿಂದಲೇ ಮಾತಾಡಿದಳು. "ನಿಮ್ಮ ಸಿಟ್ಟಿನ್ಯಾಗಿಂದ ಒಂದು ಚಿಟಿಗಿ ನನ್ನ ಗಂಟಲಕ ಕೊಟ್ರ, ಇಡೀ ಕಡಬು ನುಂಗತೀನಿ ನೋಡ್ರಿ."

ಈ ರೋಗ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಹದಿನಾಲ್ಕು ವರ್ಷಗಳ ಹಿಂದೆ ಸೊಳ್ಳೆಯಿಂದ ಒಂದು ಜ್ವರ ಬಂತು. ಜ್ವರ ನಾಲ್ಕು ದಿನಕ್ಕೆ ಹೋಯಿತು, ಆದರೆ ಕೆಲವರ ಮೈಯಲ್ಲಿ ಒಂದು ಕೆಟ್ಟ ಅಭ್ಯಾಸ ಬಿಟ್ಟು ಹೋಯಿತು. ರೋಗಾಣು ಬಂದರೆ ಹಿಡಿಯಲಿ ಎಂದು ಮೈ ಪ್ರತಿಕಾಯಗಳನ್ನು ಮಾಡುತ್ತದೆ. ಜ್ವರ ಬಂದುಹೋದ ಇವರ ಮೈ ತಪ್ಪು ಪ್ರತಿಕಾಯ ಮಾಡತೊಡಗಿತು. ನರ ಕಳಿಸಿದ ಅಪ್ಪಣೆಯನ್ನು ಸ್ನಾಯು ಎಲ್ಲಿ ಇಸಿದುಕೊಳ್ಳುತ್ತದೆಯೋ ಆ ಜಾಗಕ್ಕೇ ಹೋಗಿ ಅದು ಕುಳಿತುಬಿಡುತ್ತದೆ. ನರ ಕೂಗುತ್ತದೆ, ಸ್ನಾಯುವಿಗೆ ಕೇಳಿಸುವುದಿಲ್ಲ. ಮೊದಲು ರೆಪ್ಪೆ ಬೀಳುತ್ತದೆ. ಆಮೇಲೆ ಕುತ್ತಿಗೆ ಸೋಲುತ್ತದೆ, ಊಟದ ನಡುವೆ ದವಡೆ ನಿಲ್ಲುತ್ತದೆ. ಕಡೆಗೆ ಉಸಿರು. ನಮ್ಮ ಕಡೆ ಜನ ಇದನ್ನು ಸೋತ ಬ್ಯಾನಿ ಎನ್ನುತ್ತಾರೆ. ಡಾಕ್ಟರರ ಹೆಸರಿಗಿಂತ ಇದೇ ಸರಿಯಾದ ಹೆಸರು.

ಇದಕ್ಕೆ ಔಷಧವೆಂದರೆ ಮಣಿಗಳು. ಕೊರಳಲ್ಲಿ ಹಾಕುವ ಮಣಿಯಲ್ಲ. ಕಡಲ ಪಾಚಿಯ ಅಂಟಿನಿಂದ ಮಾಡಿದ, ಸಣ್ಣ ರವೆಗಿಂತ ಸಣ್ಣ, ಮೆತ್ತನೆಯ ಗುಂಡುಗಳು. ಮೊದಲು ಇಂಥವು ಪ್ರಯೋಗಾಲಯಗಳಲ್ಲಿ ಮಾತ್ರ ಇದ್ದವು. ಸಾವಿರ ಬಗೆಯ ಪ್ರೋಟೀನು ಕಲಸಿದ ದ್ರವದಿಂದ ತಮಗೆ ಬೇಕಾದ ಒಂದೇ ಒಂದನ್ನು ಆರಿಸಿ ತೆಗೆಯಲು ವಿಜ್ಞಾನಿಗಳು ಬಳಸುತ್ತಿದ್ದರು. ಯಾರೋ ಪುಣ್ಯಾತ್ಮರು ಮಣಿಯ ಮೈಮೇಲೆ ಸ್ನಾಯುವಿನ ಆ ಜಾಗದ ನಕಲನ್ನು ಅಂಟಿಸಿದರು. ರಕ್ತದ ತಿಳಿಯನ್ನು ಅಂಥ ಮಣಿ ತುಂಬಿದ ಕೊಳವೆಯಲ್ಲಿ ಹಾಯಿಸಿದರೆ ಕೆಟ್ಟ ಪ್ರತಿಕಾಯ ನಕಲನ್ನೇ ಸ್ನಾಯು ಎಂದುಕೊಂಡು ಕಚ್ಚಿ ಕೂರುತ್ತದೆ. ಉಳಿದದ್ದು ಸುರಕ್ಷಿತವಾಗಿ ರೋಗಿಯ ಮೈಗೆ ಹಿಂದಿರುಗುತ್ತದೆ.

ಒಬ್ಬ ರೋಗಿಗೆ ಒಂದು ಕೊಳವೆ, ಅದನ್ನು ಒಮ್ಮೆ ಬಳಸಿ ಎಸೆಯುವುದಿಲ್ಲ. ಹುಳಿ ನೀರು ಬಿಟ್ಟರೆ ಪ್ರತಿಕಾಯ ಹಿಡಿತ ಬಿಡುತ್ತದೆ, ಮಣಿ ಮತ್ತೆ ಖಾಲಿಯಾಗುತ್ತದೆ. ಕೂಡಲೇ ಸಪ್ಪೆ ನೀರು ಬಿಟ್ಟು ಹುಳಿಯನ್ನು ಮುರಿಯಬೇಕು. ಪುಸ್ತಕದಲ್ಲಿ ಈ ದ್ರವಗಳಿಗೆ ದೊಡ್ಡ ದೊಡ್ಡ ಹೆಸರುಗಳಿವೆ. ಕೇಂದ್ರದಲ್ಲಿ ನಾವು ಹುಳಿ, ಸಪ್ಪೆ ಎಂದೇ ಕರೆಯುತ್ತಿದ್ದೆವು. ಹೀಗೆ ತೊಳೆದರೆ ಒಂದು ಕೊಳವೆ ನೂರೈವತ್ತು ಸಲ ಬಾಳಬೇಕು. ಕಾಶವ್ವನದು ಐವತ್ತೊಂದಕ್ಕೇ ಸೋತಿತ್ತು.

ತಾಲ್ಲೂಕು ಆಸ್ಪತ್ರೆಯ ಹಿಂದಿನ ಎರಡು ಕೋಣೆಗಳೇ ನಮ್ಮ ಕೇಂದ್ರ. ಊರ ಶಾಲೆಯಲ್ಲಿ ಹತ್ತನೆಯದು ಮುಗಿಸಿ ಒಂದು ವರ್ಷದ ತರಬೇತಿ ಪಡೆದ ನಾನು ಅಲ್ಲಿಯ ತಂತ್ರಜ್ಞ. ಈಚಿನವರೆಗೂ ರೋಗಿಗಳು ಹನ್ನೆರಡು ಮಂದಿ. ಎರಡು ವಾರಕ್ಕೊಂದು ಬುಧವಾರ ಎಲ್ಲರೂ ಬರುತ್ತಾರೆ. ನಾಲ್ಕು ಯಂತ್ರಗಳಲ್ಲಿ ಒಂದು ಸಲಕ್ಕೆ ನಾಲ್ಕು ಮಂದಿಯಂತೆ ರಕ್ತ ತೊಳೆದು ಕಳಿಸಿದ ಮೇಲೆ ಮಧ್ಯಾಹ್ನ ಹನ್ನೆರಡು ಕೊಳವೆಗಳನ್ನೂ ಒಂದು ಸ್ಟ್ಯಾಂಡಿಗೆ ಸಾಲಾಗಿ ಸಿಕ್ಕಿಸಿ ತೊಳೆಯಬೇಕು. ಮೊದಲು ಮೂವರಿದ್ದೆವು, ಒಬ್ಬೊಬ್ಬರು ನಾಲ್ಕು ತೊಳೆಯುತ್ತಿದ್ದೆವು. ಎರಡು ವರ್ಷಗಳ ಹಿಂದೆ ಇಬ್ಬರನ್ನು ಬೇರೆ ಕಡೆ ವರ್ಗ ಮಾಡಿದರು. ಅವರ ಬದಲು ಯಾರೂ ಬರಲಿಲ್ಲ. ನಾನು ಪತ್ರ ಬರೆದೆ, ಫೋನಿನಲ್ಲಿ ಕೂಗಾಡಿದೆ, ಆಮೇಲೆ ಒಬ್ಬನೇ ಮಾಡುವುದನ್ನು ರೂಢಿ ಮಾಡಿಕೊಂಡೆ. ರೂಢಿಯಾದದ್ದು ಕಂಡರೆ ಮೇಲಿನವರಿಗೆ ಭಾಳ ಸಂತೋಷ.

ಕಾಶವ್ವನಿಗೆ ಗಂಜಿ ಇಳಿಯದ ಅವತ್ತೂ ಫೋನಿನಲ್ಲಿ ಕೂಗಾಡಿದೆ. ಜಿಲ್ಲೆಯಲ್ಲಿ ಈ ವಿಭಾಗ ನೋಡಿಕೊಳ್ಳುವವರು ಡಾಕ್ಟರ್ ಕಟ್ಟೀಮನಿ ಎನ್ನುವ ಹೆಣ್ಣುಮಗಳು. ನನ್ನ ಬಾಯಿ ಗೊತ್ತಿದ್ದರಿಂದ ಪೂರ್ತಿ ಕೇಳಿಸಿಕೊಂಡರು. ಐವತ್ತೊಂದು ಸಲಕ್ಕೆ ಹೊಸ ಕೊಳವೆ ಕೊಡಲು ನಿಯಮವಿಲ್ಲ ಎಂದರು. ಕೊಳವೆ ಕೆಟ್ಟಿದೆ ಎಂದು ತೋರಿಸು, ಬರೇ ಬೈಗುಳದಿಂದ ಏನೂ ತೋರಿಸಿದಂತಾಗುವುದಿಲ್ಲ ಎಂದೂ ಸೇರಿಸಿದರು.

ಸರಿ, ತೋರಿಸುತ್ತೇನೆ ಎಂದುಕೊಂಡೆ. ಕೊಳವೆಯಿಂದ ಹೊರಬಂದ ದ್ರವ ನೇರ ರೋಗಿಯ ಮೈಗೆ ಹೋಗುವುದರಿಂದ ಅದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ದಾರಿಯಲ್ಲಿ ಒಂದು ಸಣ್ಣ ನಲ್ಲಿ ಇದೆ. ಮುಂದಿನ ಬುಧವಾರ ಹಾಜರಿದ್ದವರೆಲ್ಲರ ಕೊಳವೆಯ ಕೆಳಗಿನ ಆ ನಲ್ಲಿಯಿಂದ ಎರಡೆರಡು ಹನಿ ಹಿಡಿದು ಬಣ್ಣದ ಕಾಗದದ ಪಟ್ಟಿಯ ಮೇಲೆ ಬಿಟ್ಟೆ. ಮಣಿ ಹಿಡಿಯದೆ ಬಿಟ್ಟ ಪ್ರತಿಕಾಯ ಇದ್ದರೆ ಪಟ್ಟಿಯ ಮೇಲೆ ನೀಲಿ ಗೆರೆ ಮೂಡುತ್ತದೆ. ಇಲ್ಲದಿದ್ದರೆ ಬಿಳಿಯಾಗಿಯೇ ಉಳಿಯುತ್ತದೆ.

ಕಾಶವ್ವನ ಪಟ್ಟಿಯಲ್ಲಿ ಗೆರೆ ಕಡುನೀಲಿಯಾಗಿ ಎದ್ದಿತು. ಕೊಳವೆ ಏನನ್ನೂ ಹಿಡಿಯುತ್ತಿರಲಿಲ್ಲ ಎನ್ನಬೇಕು. ಎರಡು ತಾಸು ಯಂತ್ರಕ್ಕೆ ಕಟ್ಟಿಹಾಕಿ ಅವಳ ರೋಗವನ್ನು ಅವಳಿಗೇ ವಾಪಸು ಕೊಡುತ್ತಿದ್ದೆವು. ನನಗೆ ಒಳಗೊಳಗೇ ಗೆದ್ದ ಹಾಗಾಯಿತು. ಕಾರ್ಖಾನೆಯವರ ಕೊರಳಿಗೆ ಹಗ್ಗ ಸಿಕ್ಕಿತು ಎಂದುಕೊಂಡೆ.

ಉಳಿದ ಪಟ್ಟಿಗಳನ್ನು ಕೊಳವೆಯ ಅಂಕೆಯ ಪ್ರಕಾರ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದರಿಂದ ಎಂಟರವರೆಗೆ ಬಿಳಿ. ಒಂಬತ್ತನೆಯದರಲ್ಲಿ ಕಂಡೂ ಕಾಣದಂಥ ಗೆರೆ, ಹತ್ತನೆಯದರಲ್ಲಿ ಸ್ವಲ್ಪ ದಪ್ಪ. ಹನ್ನೊಂದನೆಯದರ ಒಡೆಯ ಆರು ವಾರದ ಹಿಂದೆ ತೀರಿಕೊಂಡಿದ್ದ. ನಿಯಮದ ಪ್ರಕಾರ ಮೂರು ತಿಂಗಳು ಇಡಬೇಕಾದ್ದರಿಂದ ಅವನ ಕೊಳವೆ ಇನ್ನೂ ಫ್ರಿಜ್ಜಿನಲ್ಲಿತ್ತು. ಅದನ್ನೂ ತೆಗೆದು ಕಾಶವ್ವನ ರಕ್ತದ ತಿಳಿಯನ್ನೇ ಸ್ವಲ್ಪ ಹಾಯಿಸಿ ನೋಡಿದೆ. ಹತ್ತಕ್ಕಿಂತ ದಪ್ಪ, ಕಾಶವ್ವನ ಹನ್ನೆರಡನೆಯದಕ್ಕಿಂತ ತೆಳು.

ಕಾರ್ಖಾನೆಯ ತಪ್ಪು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರುವುದಿಲ್ಲ. ಸ್ಟ್ಯಾಂಡಿನಲ್ಲಿ ಕೊಳವೆಗಳು ಕೂರುವ ಸಾಲು ಯಾರದು? ನನ್ನದು.

ನಾನು ಸ್ಟೂಲಿನ ಮೇಲೆ ಕುಳಿತೆ. ಹುಳಿ ನೀರಿಗೆ ಒಂದೇ ನಲ್ಲಿ. ತಿರುಗಿಸಿದರೆ ಹನ್ನೆರಡಕ್ಕೂ ಒಟ್ಟಿಗೇ ಹೋಗುತ್ತದೆ. ಸಪ್ಪೆ ನೀರನ್ನು ಮಾತ್ರ ಒಂದೊಂದಕ್ಕೇ ಕೈಯಿಂದ ಬಿಡಬೇಕು, ಒಂದಕ್ಕೆ ನಾಲ್ಕು ನಿಮಿಷ. ಮೂವರಿದ್ದಾಗ ನಾಲ್ಕನೆಯದರ ಸರದಿ ಹನ್ನೆರಡು ನಿಮಿಷಕ್ಕೇ ಬರುತ್ತಿತ್ತು. ಒಬ್ಬನೇ ಆದ ಮೇಲೆ ನಾನು ಒಂದರಿಂದ ಶುರುಮಾಡಿ ಹನ್ನೆರಡನೆಯದಕ್ಕೆ ಬರುವಾಗ ಮುಕ್ಕಾಲು ಗಂಟೆ ಆಗುತ್ತಿತ್ತು. ಡ್ರಾಯರಿನಿಂದ ಪುಸ್ತಕ ತೆಗೆದು ನೋಡಿದೆ. ಹುಳಿ ನೀರು ಅರ್ಧ ಗಂಟೆ ಮೀರಿ ನಿಲ್ಲಬಾರದು ಎಂದು ಚೌಕಟ್ಟು ಹಾಕಿ ಅಚ್ಚು ಮಾಡಿದ್ದರು. ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೊಳೆಯುತ್ತದೆ, ಹಚ್ಚಿ ಮರೆತರೆ ಕರೆ ಹಿಡಿಯುತ್ತದೆ. ಅಷ್ಟು ತಿಳಿಯಲು ಪುಸ್ತಕವೂ ಬೇಕಾಗಿರಲಿಲ್ಲ.

ಕಾಶವ್ವ ಹನ್ನೆರಡನೆಯವಳಾದದ್ದು ಹೀಗೆ. ಅವಳು ಬಸ್‌ಸ್ಟ್ಯಾಂಡಿನ ಎದುರು ಖಾನಾವಳಿ ನಡೆಸುತ್ತಿದ್ದಳು. ಬಡಿಸಿದವರು ಕಡೆಗೆ ಉಣ್ಣಬೇಕು ಎನ್ನುವುದು ಅವಳ ಮನೆತನದ ಕಟ್ಟಳೆ. ಮದುವೆಯಾದ ಮೇಲೆ ನನ್ನದೂ ಆಯಿತು. ಅವಳಿಗೆ ರೋಗ ಬಂದು ಕೇಂದ್ರಕ್ಕೆ ಮೊದಲ ಸಲ ಬಂದ ದಿನ, ಸರದಿಯಲ್ಲಿ ಕುಳಿತಿದ್ದ ಸನಾದಿ ಊದುವ ಯಮನಪ್ಪ ಭಜಂತ್ರಿ ನಗುತ್ತ ಒಂದು ಮಾತು ಅಂದಿದ್ದ. "ಬಡಸಾಂವ ನಮ್ಮಾಂವ ಇದ್ರ ಕಡೀ ಪಂಕ್ತ್ಯಾಗ ಕುಂತ್ರೂ ಚಿಂತಿಲ್ಲ, ಅಲ್ಲೇನ್ರಿ ಅಕ್ಕಾರ?" ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನನ್ನ ಹೆಂಡತಿಗೆ ನಾನು ಮೊದಲು ಬಡಿಸುತ್ತೇನೆ ಎಂದು ಈ ಊರಿನಲ್ಲಿ ಒಬ್ಬನೂ ಅನ್ನಬಾರದು ಎಂದು ಅವತ್ತೇ ಅವಳ ಕೊಳವೆಯನ್ನು ಸಾಲಿನ ತುದಿಗೆ ಇಟ್ಟೆ. ದೂರದ ಹಳ್ಳಿಯವರು ಮೊದಲು, ಊರಿನವರು ಆಮೇಲೆ. ಯಮನಪ್ಪನ ಮನೆ ಆಸ್ಪತ್ರೆಯ ಕಾಂಪೌಂಡಿಗೆ ಹತ್ತಿದ ಓಣಿಯಲ್ಲೇ ಇದ್ದುದರಿಂದ ಅವನು ಹನ್ನೊಂದು, ಅವನ ಹಿಂದೆ ಕಾಶವ್ವ. ಎರಡು ವರ್ಷ ಆ ಸಾಲನ್ನು ನೋಡಿದಾಗಲೆಲ್ಲ ನಾನು ನೆಟ್ಟಗಿರುವ ಮನುಷ್ಯ ಎಂದುಕೊಳ್ಳುತ್ತಿದ್ದೆ.

ಯಮನಪ್ಪ ಕಡೆಯ ತಿಂಗಳುಗಳಲ್ಲಿ ಬಂದು, ಒಂದು ವಾರ ಕೂಡ ತಡೆಯುವುದಿಲ್ಲ, ತುಟಿ ಕೂಡುವುದಿಲ್ಲ ಎಂದು ಹೇಳುತ್ತಿದ್ದ. ನಾನು ಎಲ್ಲರೆದುರು ಬೈದಿದ್ದೆ. ಊದಬೇಡ ಎಂದರೆ ಕೇಳುವುದಿಲ್ಲ, ಲಗ್ನದ ಮನೆಗಳಲ್ಲಿ ಊದಿ ಊದಿ ದಣಿದು ಬಂದು ಕೊಳವೆಯ ಮೇಲೆ ಹೇಳುತ್ತೀಯ ಎಂದಿದ್ದೆ. ಮುಂದಿನ ಸಲ ಬಂದಾಗ, ಸನಾದಿಯನ್ನು ಬಟ್ಟೆಯಲ್ಲಿ ಸುತ್ತಿ ಮೇಲಿಟ್ಟಿದ್ದೇನೆ ಎಂದು ಅವನು ಮೆಲ್ಲಗೆ ಹೇಳಿದ. ನಾನು ನಂಬಲಿಲ್ಲ. ಒಂದು ಬೆಳಿಗ್ಗೆ ಚಹಾ ಕುಡಿಯುವಾಗ ಅದು ಉಸಿರಿನ ದಾರಿಗೆ ಹೋಯಿತು, ಕೆಮ್ಮಲು ಅವನಲ್ಲಿ ಬಲ ಇರಲಿಲ್ಲ.

ಸಂಜೆ ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಕಾಶವ್ವ ಗೋಡೆಗೆ ಒರಗಿ, ಒಂದು ಕಣ್ಣಿನ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದು ನನ್ನನ್ನು ನೋಡುತ್ತಿದ್ದಳು. ಖಾನಾವಳಿಯಲ್ಲಿ ಈಗ ಅವಳ ತಂಗಿ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ಗೋಡೆಯ ಆಚೆಯಿಂದ ಕೇಳುತ್ತಿತ್ತು. ಅವಳು ಅಳಬಹುದು, ಇಲ್ಲವೆ ನನ್ನನ್ನು ಸಮಾಧಾನ ಮಾಡಬಹುದು ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

"ನನ್ನ ಕಡೀಗಿಟ್ರಿ, ಇರಲಿ. ನಾನೂ ಒಪ್ಪತಿದ್ದೆ," ಎಂದಳು. ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು. "ಆ ಯಮನಪ್ಪನ ಯಾರು ಕೇಳಿದ್ರು?"

ಮರುದಿನ ಡಾಕ್ಟರ್ ಕಟ್ಟೀಮನಿಯವರಿಗೆ ಫೋನಿನಲ್ಲಿ ಪಟ್ಟಿಗಳ ಬಣ್ಣ ಹೇಳಿದೆ, ಕಾರಣವನ್ನೂ ಹೇಳಿದೆ. ಅವರು ಪಟ್ಟಿಗಳ ಬಣ್ಣವನ್ನು ಒಂದೊಂದಾಗಿ ಮತ್ತೆ ಕೇಳಿ ಬರೆದುಕೊಂಡರು. ಆಮೇಲೆ, ಈಗ ನಾನು ಹೇಳುವುದನ್ನು ಮೇಲಧಿಕಾರಿ ಹೇಳಿದ್ದು ಎಂದುಕೊಳ್ಳಬೇಡ ಎಂದು ಶುರುಮಾಡಿದರು. ಕೆಟ್ಟ ಕೊಳವೆಗಳಿಗೆ ಒಂದು ಫಾರಂ ಇದೆ. ಅದರಲ್ಲಿ ತಯಾರಿಕೆಯ ದೋಷ ಎಂಬ ಕಡೆ ಗುರುತು ಹಾಕಿದರೆ ಸೋಮವಾರಕ್ಕೆ ಹೊಸ ಕೊಳವೆ ಬರುತ್ತದೆ. ಬಳಕೆಯ ತಪ್ಪು ಎಂದು ಬರೆದರೆ ತನಿಖೆ ಆಗುತ್ತದೆ, ಅದು ಮುಗಿಯುವ ತನಕ ನಮ್ಮ ಕೇಂದ್ರಕ್ಕೆ ಒಂದು ಕೊಳವೆಯೂ ಬರುವುದಿಲ್ಲ. ಎರಡು ತಿಂಗಳೋ ಮೂರೋ.

"ನಿನ್ನ ಹೆಂಡ್ತಿ ಮೂರು ತಿಂಗಳು ತಡೀತಾಳೇನು, ಗೂಳಪ್ಪ?"

ಇಲ್ಲ ಎಂದೆ. ಒಂದು ತಿಂಗಳೂ ತಡೆಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಫಾರಂ ತೆಗೆದು ಮೇಜಿನ ಮೇಲಿಟ್ಟುಕೊಂಡೆ. ಒಂದು ಗುರುತಿನ ಕೆಲಸ. ಸತ್ಯಹರಿಶ್ಚಂದ್ರನ ಮನೆಯವನು ನಾನಲ್ಲ, ಅದನ್ನು ಹಾಕಿಯೇಬಿಡುತ್ತಿದ್ದೆ. ಹಾಕುವ ಮುಂಚೆ, ತರಬೇತಿಯಲ್ಲಿ ನನ್ನ ಜೊತೆಗಿದ್ದ, ಈಗ ಕರಾವಳಿಯ ಒಂದು ಕೇಂದ್ರದಲ್ಲಿರುವ ಸದಾನಂದನಿಗೆ ಫೋನು ಮಾಡಿದೆ. ಯಾಕೆ ಮಾಡಿದೆನೋ, ನನ್ನೊಬ್ಬನದೇ ತಪ್ಪಲ್ಲ ಎಂದು ಕೇಳಿಸಿಕೊಳ್ಳಬೇಕಿತ್ತೇನೋ. ಅವನೂ ಒಬ್ಬನೇ. ಅವನ ಸ್ಟ್ಯಾಂಡಿನಲ್ಲಿ ಹದಿನಾರು. ಅಷ್ಟಕ್ಕೂ ಒಟ್ಟಿಗೇ ಹುಳಿ ಬಿಡುತ್ತೇನೆ, ಬೇರೆ ದಾರಿ ಎಲ್ಲಿದೆ ಮಾರಾಯ ಎಂದ. ಹದಿನಾರನೆಯವರು ಯಾರು ಎಂದು ಕೇಳಿದೆ. ಕಾನ್ವೆಂಟಿನ ಒಬ್ಬಳು ಟೀಚರು, ಕಳೆದ ವರ್ಷದಿಂದ ಯಾಕೋ ತೀರ ಇಳಿದುಹೋಗಿದ್ದಾಳೆ ಎಂದ.

ರಾಜ್ಯದಲ್ಲಿ ಇಂಥ ಒಬ್ಬಂಟಿ ಕೇಂದ್ರಗಳು ಅರವತ್ತಿವೆ. ಕಾರ್ಖಾನೆಯ ದೋಷ ಎಂದು ನಾನು ಬರೆದರೆ ನನಗೆ ಹೊಸ ಕೊಳವೆ ಬರುತ್ತಿತ್ತು, ಅರವತ್ತು ಸಾಲುಗಳ ತುದಿಯಲ್ಲಿ ಹುಳಿ ನಿಂತೇ ಇರುತ್ತಿತ್ತು. ಸದಾನಂದನಿಗೆ ವಿಷಯ ಹೇಳಿ ನಾಲ್ಕು ನಾಲ್ಕಾಗಿ ತೊಳೆ ಎಂದೆ. ಸಂಜೆ ಆರಾಗುತ್ತದೆ ಎಂದ. ಆಗಲಿ ಎಂದೆ. ಅವನೊಬ್ಬನಿಗೆ ಹೇಳಿದರೆ ಮುಗಿಯುವ ಮಾತಲ್ಲ. ಕಾಗದದ ಮೇಲೆ ಬರದೆ ಸರ್ಕಾರದಲ್ಲಿ ಯಾವುದೂ ನಿಜವಾಗುವುದಿಲ್ಲ. ಫಾರಂ ಬದಿಗಿಟ್ಟು ಬಿಳಿ ಹಾಳೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದೆ. ಯಮನಪ್ಪನ ಹೆಸರನ್ನೂ ಬರೆದೆ. ರಾಜ್ಯದ ಕಚೇರಿಗೆ ಪೋಸ್ಟ್ ಮಾಡಿ ಬಂದೆ.

ಪತ್ರದ ವಿಷಯ ಫೋನಿನಲ್ಲಿ ಹೇಳಿದಾಗ ಡಾಕ್ಟರ್ ಕಟ್ಟೀಮನಿ ಬೈಯಲಿಲ್ಲ. ಒಂಬತ್ತು ಮತ್ತು ಹತ್ತನೆಯ ಕೊಳವೆಗಳು ಇನ್ನೂ ಮುಕ್ಕಾಲು ಪಾಲು ಹಿಡಿಯುತ್ತವೆ, ಅವರ ರಕ್ತವನ್ನು ಎರಡು ಸಲ ಹಾಯಿಸು ಸಾಕು ಎಂದರು. ಕಾಶವ್ವನದು ಹಾಗೆ ಆಗುವಂತಿರಲಿಲ್ಲ. ಅವಳ ಕೊಳವೆಯ ಹಿಂದೆ ಹನ್ನೊಂದನೆಯದನ್ನು ಜೋಡಿಸಿದರೆ ಒಂದು ಬಿಟ್ಟಿದ್ದನ್ನು ಇನ್ನೊಂದು ಹಿಡಿದೀತು. ತೊಳೆದ ಮಣಿಯಲ್ಲಿ ಯಾರ ಗುರುತೂ ಉಳಿದಿರುವುದಿಲ್ಲ. ಆದರೆ ತೀರಿಕೊಂಡವರ ಕೊಳವೆಯನ್ನು ಇನ್ನೊಬ್ಬರಿಗೆ ಬಳಸಬೇಕಾದರೆ ಮನೆಯವರ ಸಹಿ ಬೇಕು.

ಯಮನಪ್ಪನ ಹೆಂಡತಿ ರೇಣವ್ವ ಬಾಗಿಲಲ್ಲೇ ಕುಳಿತು ಈಚಲ ಗರಿಯ ಪೊರಕೆ ಕಟ್ಟುತ್ತಿದ್ದಳು. ಬೆಳಗಿನ ಹತ್ತು ಗಂಟೆ. ನನ್ನನ್ನು ನೋಡಿ ಎದ್ದು, ಚಾಪೆ ಹಾಸಿ, ನೀರು ಕೊಟ್ಟಳು. ಅವಳಿಗೆ ನನ್ನ ಮೇಲೆ ಏನೂ ಸಿಟ್ಟು ಇರಲಿಲ್ಲ. ಗಂಡನ ಮಣ್ಣಿಗೆ ಬಂದು ನಿಂತಿದ್ದವನು ನಾನು. ಸಹಿ ಕೇಳಿದ್ದರೆ ಏನೂ ಕೇಳದೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಅದು ಎಷ್ಟು ಸುಲಭ ಎಂದು ಕುಳಿತಾಗಲೇ ಹೊಳೆಯಿತು. ಅದಕ್ಕೇ ಮೊದಲು ನಡೆದದ್ದನ್ನೇ ಹೇಳಿದೆ. ಹುಳಿ, ಸಪ್ಪೆ, ಸಾಲು, ಮುಕ್ಕಾಲು ಗಂಟೆ. ಕೊಳವೆ ಕೆಟ್ಟಿತ್ತು, ಅವನು ಹೇಳಿದ್ದು ನಿಜವಾಗಿತ್ತು, ಸನಾದಿಯ ತಪ್ಪಲ್ಲ, ನನ್ನದು ಎಂದೆ.

ಅವಳು ಪೊರಕೆಯ ದಾರವನ್ನು ಹಲ್ಲಿನಿಂದ ಬಿಗಿದು ಗಂಟು ಹಾಕಿದಳು. ಕೈ ನಿಲ್ಲಲಿಲ್ಲ.

"ಅಂವ ಊದೂದು ಬಿಟ್ಟಿದ್ದ," ಎಂದಳು. "ನೀವು ಬೈದ ದಿವಸದಿಂದ ಮುಟ್ಟಲಿಲ್ಲ. ಕಡೀಕ ಒಂದ ಸಲ ಊದತೀನಿ ಅಂದ, ನಾನ ಬ್ಯಾಡಂದೆ. ಗೂಳಪ್ಪಾರು ಬೈತಾರ ಅಂದೆ."

ಇಷ್ಟು ವರ್ಷ ಊರನ್ನೆಲ್ಲ ಬೈದ ಬಾಯಿ ಅವನ ಸನಾದಿಯನ್ನೂ ನಿಲ್ಲಿಸಿತ್ತು. ಎದ್ದು ಹೋಗೋಣ ಎನ್ನಿಸಿತು. ಆದರೆ ಮನೆಯಲ್ಲಿ ಒಬ್ಬಳು ಗದ್ದ ಹಿಡಿದುಕೊಂಡು ಕುಳಿತಿದ್ದಾಳೆ. ನಾಚಿಕೆ ಬಿಟ್ಟು ಅದನ್ನೂ ಹೇಳಿದೆ. ಯಮನಪ್ಪನ ಕೊಳವೆ ಕಾಶವ್ವನಿಗೆ ಬೇಕು, ಇಲ್ಲದಿದ್ದರೆ ಅವಳೂ ಉಳಿಯುವುದಿಲ್ಲ ಎಂದೆ. ಕೊಡದಿದ್ದರೂ ನಾನು ಏನೂ ಅನ್ನುವಂತಿಲ್ಲ ಎಂದೂ ಹೇಳಿದೆ.

ರೇಣವ್ವ ಆಗ ಕೈಯಲ್ಲಿದ್ದುದನ್ನು ಕೆಳಗಿಟ್ಟಳು. ಸತ್ತವರು ಬಳಸಿದ ತಟ್ಟೆ, ಹಾಸಿಗೆಯನ್ನು ಅವರ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಇನ್ನೊಬ್ಬರಿಗೆ ಕೊಡುವುದೂ ಇಲ್ಲ. ಅದು ನನಗೆ ಗೊತ್ತಿತ್ತು. ಆದರೂ ಅವಳು ಕಾಗದ ಇಸಿದುಕೊಂಡು, ನಾನು ತಂದಿದ್ದ ಮಸಿಗೆ ಹೆಬ್ಬೆರಳು ಅದ್ದಿ ಒತ್ತಿದಳು.

"ಕಾಶಕ್ಕ ಅಂವಗ ಊಟ ಹಾಕ್ಯಾಳ. ಆಕಿ ಉಳೀಲಿ," ಎಂದಳು. ಮಸಿ ಹತ್ತಿದ ಬೆರಳನ್ನು ನೆಲಕ್ಕೆ ಒರೆಸಿದಳು. "ನೀವು ಮಾತ್ರ ಇನ್ನ ಮ್ಯಾಲ ನನ್ನ ಬಾಗಲ ಮುಂದ ಅಡ್ಡಾಡಬ್ಯಾಡ್ರಿ."

ಡಾಕ್ಟರ್ ಮುಂದಿನ ಬುಧವಾರದ ತನಕ ಕಾಯಬೇಡ ಎಂದರು. ಅವತ್ತು ಮಧ್ಯಾಹ್ನವೇ ಎರಡು ಸೋತ ಕೊಳವೆಗಳನ್ನು ಒಂದರ ಹಿಂದೆ ಒಂದು ಜೋಡಿಸಿದೆ. ಎರಡು ತಾಸಿನ ಕೆಲಸಕ್ಕೆ ಐದು ತಾಸು ಹಿಡಿಯಿತು. ಕೊನೆಯಲ್ಲಿ ಪಟ್ಟಿಯ ಗೆರೆ ತೆಳ್ಳಗಾಗಿತ್ತು, ಪೂರ್ತಿ ಹೋಗಿರಲಿಲ್ಲ. ಮೂರನೆಯ ದಿನ ಕಾಶವ್ವ ಅನ್ನ ಸಾರು ಕಲಸಿಕೊಂಡು ಉಂಡಳು, ಗದ್ದಕ್ಕೆ ಕೈ ಹಚ್ಚಲಿಲ್ಲ. ಒಂಬತ್ತು ದಿನ ತಡೆಯಿತು. ಈಗಲೂ ಒಂಬತ್ತು ದಿನಕ್ಕೊಮ್ಮೆ ನಡೆದಿದೆ. ಹೊಸ ಕೊಳವೆ ಇನ್ನೂ ಬಂದಿಲ್ಲ.

ನನ್ನ ಪತ್ರದ ಮೇಲೆ ತನಿಖೆ ನಡೆಯುತ್ತಿದೆ. ಹುಳಿಯನ್ನು ನಾಲ್ಕು ನಾಲ್ಕಾಗಿ ಬಿಡಬೇಕು ಎಂದು ಎಲ್ಲ ಕೇಂದ್ರಗಳಿಗೂ ಸುತ್ತೋಲೆ ಹೋಯಿತು. ಇನ್ನೊಬ್ಬ ಮನುಷ್ಯನನ್ನು ಕೊಡುವ ಮಾತು ಅದರಲ್ಲಿ ಇರಲಿಲ್ಲ. ನನ್ನನ್ನು ಕೆಲಸದಿಂದ ತೆಗೆಯುವ ತನಕ ತೊಳೆಯಲು ನಾನೇ ಇರಬೇಕಂತೆ, ಬೇರೆ ಯಾರೂ ಇಲ್ಲ. ದಿನಾ ಬೆಳಿಗ್ಗೆ ಹೋಗುತ್ತೇನೆ. ಮೊದಲು ಭಜಂತ್ರಿ ಓಣಿಯಿಂದ ಹಾಯ್ದರೆ ಆಸ್ಪತ್ರೆಗೆ ಐದು ನಿಮಿಷ. ಈಗ ಸಂತೆಪೇಟೆ, ಎಣ್ಣೆ ಗಿರಣಿ, ಹಳೇ ಪೋಸ್ಟಾಫೀಸು ಸುತ್ತಿ ಹೋಗುತ್ತೇನೆ. ಇಪ್ಪತ್ತೈದು ನಿಮಿಷ ಆಗುತ್ತದೆ. ಬಿಸಿಲಿದ್ದರೆ ಇನ್ನೂ ಸ್ವಲ್ಪ ಹೆಚ್ಚು.